ಕರ್ನಾಟಕದಲ್ಲಿ ಪ್ರಾದೇಶಿಕ ಸಂಶೋಧನಾ ಸಾಮರ್ಥ್ಯ ಅನುದಾನಗಳು

ಪ್ರಾದೇಶಿಕ ಸಂಶೋಧನಾ ಸಾಮರ್ಥ್ಯ ಅನುದಾನ ಎಂದರೆ ವೈಜ್ಞಾನಿಕ ಸಂಶೋಧನೆಗೆ ಬೇಕಾದ ಪ್ರಯೋಗಾಲಯ, ಉಪಕರಣ, ಗ್ರಂಥಾಲಯ ಹಾಗೂ ತರಬೇತಿ ಪಡೆದ ಸಿಬ್ಬಂದಿಯ ಕೊರತೆ ಇರುವ ಪ್ರದೇಶಗಳಲ್ಲಿ ಅವುಗಳನ್ನು ಕಟ್ಟಿ ಬೆಳೆಸಲು ಸರ್ಕಾರ ನೀಡುವ ಹಣಕಾಸಿನ ನೆರವು. ಕರ್ನಾಟಕದಲ್ಲಿ ಇಂತಹ ನೆರವು ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಜೈವಿಕ ತಂತ್ರಜ್ಞಾನ ಇಲಾಖೆ, ಶಿಕ್ಷಣ ಸಚಿವಾಲಯ ಹಾಗೂ ಭಾರತೀಯ ಕೃಷಿ ಸಂಶೋಧನಾ ಪರಿಷತ್ತುಗಳಿಂದಲೂ, ರಾಜ್ಯ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗಳಿಂದಲೂ ದೊರೆಯುತ್ತದೆ. ರಾಜ್ಯದ ಪ್ರಮುಖ ಸಂಶೋಧನಾ ಸಂಸ್ಥೆಗಳಲ್ಲಿ ಹೆಚ್ಚಿನವು ಬೆಂಗಳೂರಿನಲ್ಲಿಯೂ, ಅದರ ನಂತರ ಮೈಸೂರಿನಲ್ಲಿಯೂ ಇವೆ. ಆದ್ದರಿಂದ ಚಾಮರಾಜನಗರದಂತಹ ಗಡಿ ಜಿಲ್ಲೆಗಳಿಗೆ ಈ ಅನುದಾನಗಳು ವಿಶೇಷ ಮಹತ್ವ ಪಡೆದಿವೆ.

ಪರಿಕಲ್ಪನೆ

ಸಂಶೋಧನೆಗೆ ನೀಡುವ ಸರ್ಕಾರಿ ಹಣವನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಯೋಜನಾ ಅನುದಾನ. ನಿರ್ದಿಷ್ಟ ಪ್ರಶ್ನೆಯೊಂದನ್ನು ಅಧ್ಯಯನ ಮಾಡಲು ವಿಜ್ಞಾನಿಯೊಬ್ಬರು ಅಥವಾ ಒಂದು ತಂಡ ಸ್ಪರ್ಧೆಯಲ್ಲಿ ಪಡೆಯುವ ಹಣವಿದು. ಅರ್ಜಿದಾರರ ಹಿಂದಿನ ಪ್ರಕಟಣೆಗಳು, ಲಭ್ಯವಿರುವ ಉಪಕರಣಗಳು ಹಾಗೂ ಸಂಸ್ಥೆಯ ಹಿನ್ನೆಲೆಯನ್ನು ನೋಡಿ ಇದನ್ನು ಮಂಜೂರು ಮಾಡಲಾಗುತ್ತದೆ. ಎರಡನೆಯದು ಸಾಮರ್ಥ್ಯ ಅನುದಾನ. ಇದನ್ನು ಸಾಮಾನ್ಯವಾಗಿ ವಿಭಾಗಕ್ಕೆ, ಕಾಲೇಜಿಗೆ ಅಥವಾ ವಿಶ್ವವಿದ್ಯಾನಿಲಯಕ್ಕೆ ನೀಡಲಾಗುತ್ತದೆ. ಮುಂದೆ ಆ ಸಂಸ್ಥೆಯವರು ಯೋಜನಾ ಅನುದಾನಗಳಿಗೆ ಸ್ಪರ್ಧಿಸುವಂತೆ ಮಾಡುವುದು ಇದರ ಉದ್ದೇಶ.

ಯೋಜನಾ ಅನುದಾನ ಮಾತ್ರ ಇದ್ದಲ್ಲಿ ಹಣವು ಈಗಾಗಲೇ ಬಲಿಷ್ಠವಾಗಿರುವ ಸಂಸ್ಥೆಗಳ ಕಡೆಗೇ ಹರಿಯುತ್ತದೆ. ಉಪಕರಣವಿಲ್ಲದ ವಿಭಾಗದಿಂದ ಪ್ರಕಟಣೆಗಳು ಬರುವುದಿಲ್ಲ; ಪ್ರಕಟಣೆಗಳಿಲ್ಲದೆ ಅನುದಾನ ಸಿಗುವುದಿಲ್ಲ; ಅನುದಾನವಿಲ್ಲದೆ ಉಪಕರಣ ಬರುವುದಿಲ್ಲ. ಈ ಸರಣಿಯನ್ನು ಒಂದು ಕಡೆಯಲ್ಲಿ ತುಂಡರಿಸುವುದೇ ಸಾಮರ್ಥ್ಯ ಅನುದಾನದ ತರ್ಕ.

2020-21ರಲ್ಲಿ ಭಾರತವು ಸಂಶೋಧನೆ ಮತ್ತು ಅಭಿವೃದ್ಧಿಗೆ ಮಾಡಿದ ಒಟ್ಟು ವೆಚ್ಚ ಸುಮಾರು 1.27 ಲಕ್ಷ ಕೋಟಿ ರೂಪಾಯಿ. ಇದು ಒಟ್ಟು ದೇಶೀಯ ಉತ್ಪನ್ನದ ಶೇ. 0.64ರಷ್ಟು. ಅದರಲ್ಲಿ ಕೇಂದ್ರ ಸರ್ಕಾರದ ಪಾಲು ಶೇ. 43.7, ಖಾಸಗಿ ಕೈಗಾರಿಕೆಗಳ ಪಾಲು ಶೇ. 36.4, ಉನ್ನತ ಶಿಕ್ಷಣ ವಲಯದ ಪಾಲು ಶೇ. 8.8 ಹಾಗೂ ಎಲ್ಲ ರಾಜ್ಯ ಸರ್ಕಾರಗಳ ಪಾಲು ಶೇ. 6.7 ಆಗಿತ್ತು. ರಾಜ್ಯ ವಿಶ್ವವಿದ್ಯಾನಿಲಯಗಳು ಮತ್ತು ಜಿಲ್ಲಾ ಮಟ್ಟದ ಕಾಲೇಜುಗಳು ಹೆಚ್ಚಾಗಿ ಕೊನೆಯ ಎರಡು ಸಣ್ಣ ಪಾಲುಗಳನ್ನೇ ಅವಲಂಬಿಸಿವೆ.

ಇತಿಹಾಸ

ಮೈಸೂರು ಸಂಸ್ಥಾನದ ಕಾಲ

ಈಗಿನ ಕರ್ನಾಟಕದಲ್ಲಿ ಸರ್ಕಾರದ ನೆರವಿನಿಂದ ಸಂಶೋಧನಾ ಕೇಂದ್ರಗಳನ್ನು ಕಟ್ಟುವ ಪರಿಪಾಠ ಮೈಸೂರು ಸಂಸ್ಥಾನದಿಂದಲೇ ಆರಂಭವಾಯಿತು. ಜೆ. ಎನ್. ಟಾಟಾ ಅವರು ಕಲ್ಪಿಸಿದ ಸಂಸ್ಥೆಗಾಗಿ ಸಂಸ್ಥಾನವು 1907ರಲ್ಲಿ ಬೆಂಗಳೂರಿನಲ್ಲಿ ಸುಮಾರು 371 ಎಕರೆ ಜಮೀನು ನೀಡಿತು. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಗೆ ವಾರ್ಷಿಕ ಅನುದಾನವನ್ನೂ ಕೊಟ್ಟಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾಯಿತು. ಸ್ವಾತಂತ್ರ್ಯಾನಂತರ, 1950ರಲ್ಲಿ, ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ನೆಲೆಗೊಂಡಿತು. ಜಮೀನು, ಕಟ್ಟಡ ಹಾಗೂ ನಿರಂತರ ವಾರ್ಷಿಕ ನೆರವು ಒಟ್ಟಿಗೆ ದೊರೆತದ್ದು ಈ ಸಂಸ್ಥೆಗಳ ಬೆಳವಣಿಗೆಗೆ ಕಾರಣವಾಯಿತು. ಇದರಿಂದಲೇ ಬೆಂಗಳೂರು ಮತ್ತು ಮೈಸೂರುಗಳಿಗೆ ಉಳಿದ ಜಿಲ್ಲೆಗಳಿಗಿಲ್ಲದ ಮುನ್ನಡೆ ಸಿಕ್ಕಿತು.

ಕೃಷಿ ಸಂಶೋಧನೆಯ ಮಾದರಿ

ಪ್ರಾದೇಶಿಕ ಸಾಮರ್ಥ್ಯವನ್ನು ವ್ಯವಸ್ಥಿತವಾಗಿ ಕಟ್ಟಿದ ಮೊದಲ ಕ್ಷೇತ್ರ ಕೃಷಿ. 1957ರಲ್ಲಿ ಮೆಕ್ಕೆಜೋಳದಿಂದ ಆರಂಭವಾದ ಅಖಿಲ ಭಾರತ ಸುಸಂಘಟಿತ ಸಂಶೋಧನಾ ಯೋಜನೆಗಳಲ್ಲಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ವೆಚ್ಚದ ಶೇ. 75ರಷ್ಟನ್ನೂ, ರಾಜ್ಯ ಕೃಷಿ ವಿಶ್ವವಿದ್ಯಾನಿಲಯಗಳು ಶೇ. 25ರಷ್ಟನ್ನೂ ಭರಿಸುವ ಪದ್ಧತಿ ರೂಢಿಗೆ ಬಂದಿತು. 1970ರ ದಶಕದ ಕೊನೆಯಲ್ಲಿ ವಿಶ್ವ ಬ್ಯಾಂಕಿನ ನೆರವಿನೊಂದಿಗೆ ಆರಂಭವಾದ ರಾಷ್ಟ್ರೀಯ ಕೃಷಿ ಸಂಶೋಧನಾ ಯೋಜನೆಯು ಪ್ರತಿ ಕೃಷಿ-ಹವಾಮಾನ ವಲಯಕ್ಕೂ ವಲಯ ಸಂಶೋಧನಾ ಕೇಂದ್ರವನ್ನು ಬಲಪಡಿಸಲು ಹಣ ನೀಡಿತು. ಕರ್ನಾಟಕವನ್ನು ಇಂತಹ 10 ವಲಯಗಳಾಗಿ ವಿಂಗಡಿಸಲಾಗಿದೆ. ಚಾಮರಾಜನಗರ ಮತ್ತು ಗುಂಡ್ಲುಪೇಟೆ ಸೀಮೆ ದಕ್ಷಿಣ ಒಣ ವಲಯಕ್ಕೆ ಸೇರುತ್ತದೆ; ಅದರ ವಲಯ ಸಂಶೋಧನಾ ಕೇಂದ್ರ ಮಂಡ್ಯದ ವಿ. ಸಿ. ಫಾರಂನಲ್ಲಿದೆ.

ಈ ಮಾದರಿಯ ವಿಶೇಷವೆಂದರೆ ಹಂಚಿಕೆಯ ಆಧಾರ. ಯಾರು ಹೆಚ್ಚು ಪ್ರಬಂಧಗಳನ್ನು ಪ್ರಕಟಿಸಿದ್ದಾರೆ ಎಂಬುದಕ್ಕಿಂತ ಯಾವ ಮಣ್ಣಿಗೆ, ಯಾವ ಮಳೆಗೆ ಯಾವ ತಳಿ ಹೊಂದುತ್ತದೆ ಎಂಬ ಸ್ಥಳೀಯ ಪ್ರಶ್ನೆ ಇಲ್ಲಿ ಮುಖ್ಯವಾಯಿತು. ಮೂಲ ವಿಜ್ಞಾನಗಳಲ್ಲಿ ಇದಕ್ಕೆ ಸಮಾನವಾದ ವಲಯವಾರು ಜಾಲ ಬೆಳೆಯಲಿಲ್ಲ.

ರಾಜ್ಯ ಮಟ್ಟದ ಸಂಸ್ಥೆಗಳು

ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು 1975ರಲ್ಲಿ ಸ್ಥಾಪನೆಯಾಯಿತು. ಇದರ ಕಚೇರಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿದೆ. ಸಂಸ್ಥೆಯ ತಜ್ಞತೆಯನ್ನು ರಾಜ್ಯದ ಅಗತ್ಯಗಳಿಗೆ, ಮುಖ್ಯವಾಗಿ ಗ್ರಾಮೀಣ ಇಂಧನ, ನೀರು ಹಾಗೂ ವಸತಿಗೆ ಬಳಸುವುದು ಇದರ ಆರಂಭಿಕ ಗುರಿಯಾಗಿತ್ತು. ಎ. ಕೆ. ಎನ್. ರೆಡ್ಡಿ ಅವರು ಮಂಡಳಿಯ ಕಾರ್ಯದರ್ಶಿಯಾಗಿ ಕೆಲಸ ಮಾಡಿದರು. ಮಂಡಳಿಯು 1977ರಿಂದ ನಡೆಸುತ್ತಿರುವ ವಿದ್ಯಾರ್ಥಿ ಯೋಜನಾ ಕಾರ್ಯಕ್ರಮವು ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಸಣ್ಣ ಮೊತ್ತದ ನೆರವು ನೀಡುತ್ತದೆ. ಜಿಲ್ಲಾ ಕೇಂದ್ರದ ಕಾಲೇಜುಗಳ ವಿದ್ಯಾರ್ಥಿಗಳೂ ಇದಕ್ಕೆ ಅರ್ಜಿ ಸಲ್ಲಿಸಬಹುದು.

ಕೇಂದ್ರ ಸರ್ಕಾರದ ಪ್ರಮುಖ ಯೋಜನೆಗಳು

ಫಿಸ್ಟ್: ವಿಶ್ವವಿದ್ಯಾನಿಲಯ ಹಾಗೂ ಉನ್ನತ ಶಿಕ್ಷಣ ಸಂಸ್ಥೆಗಳ ವಿಜ್ಞಾನ ಮತ್ತು ತಂತ್ರಜ್ಞಾನ ಮೂಲಸೌಕರ್ಯ ಸುಧಾರಣಾ ನಿಧಿ. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 2000ದಲ್ಲಿ ಇದನ್ನು ಆರಂಭಿಸಿತು. ಉಪಕರಣ, ಗಣಕ ವ್ಯವಸ್ಥೆ, ಪ್ರಯೋಗಾಲಯದ ನವೀಕರಣ ಹಾಗೂ ನಿರ್ವಹಣೆಗೆ ಐದು ವರ್ಷಗಳ ಅವಧಿಗೆ ನೆರವು ದೊರೆಯುತ್ತದೆ. ಸಂಸ್ಥೆಯ ಮಟ್ಟಕ್ಕೆ ಅನುಗುಣವಾಗಿ ಬೇರೆ ಬೇರೆ ಹಂತಗಳಿವೆ.

ಪರ್ಸ್: ವಿಶ್ವವಿದ್ಯಾನಿಲಯಗಳ ಸಂಶೋಧನೆಯನ್ನು ಉತ್ತೇಜಿಸುವ ಈ ಯೋಜನೆ 2009ರಲ್ಲಿ ಆರಂಭವಾಯಿತು. ಇಲ್ಲಿ ಪ್ರಕಟಣೆಗಳ ಸಾಧನೆಯೇ ಆಯ್ಕೆಯ ಆಧಾರವಾದ್ದರಿಂದ ಹಳೆಯ, ದೊಡ್ಡ ವಿಶ್ವವಿದ್ಯಾನಿಲಯಗಳಿಗೆ ಇದು ಹೆಚ್ಚು ಅನುಕೂಲಕರ.

ಸ್ಟಾರ್ ಕಾಲೇಜು ಯೋಜನೆ: ಜೈವಿಕ ತಂತ್ರಜ್ಞಾನ ಇಲಾಖೆ 2008ರಲ್ಲಿ ಆರಂಭಿಸಿದ ಈ ಯೋಜನೆ ಪದವಿ ಕಾಲೇಜುಗಳ ವಿಜ್ಞಾನ ವಿಭಾಗಗಳಿಗೆ ಮೀಸಲು. ವಿದ್ಯಾರ್ಥಿಗಳು ಪ್ರಯೋಗಗಳನ್ನು ನೋಡುವುದರ ಬದಲು ತಾವೇ ಮಾಡುವಂತಾಗಬೇಕು ಎಂಬುದು ಇದರ ಆಶಯ.

ರೂಸಾ ಮತ್ತು ಪಿಎಂ-ಉಷಾ: ರಾಷ್ಟ್ರೀಯ ಉಚ್ಚತರ ಶಿಕ್ಷಾ ಅಭಿಯಾನ 2013ರಲ್ಲಿ ಜಾರಿಗೆ ಬಂದಿತು, 2023ರಲ್ಲಿ ಪಿಎಂ-ಉಷಾ ಎಂಬ ಹೆಸರಿನಲ್ಲಿ ಮುಂದುವರಿಯಿತು. ಕರ್ನಾಟಕದಂತಹ ರಾಜ್ಯಗಳಲ್ಲಿ ಕೇಂದ್ರ ಮತ್ತು ರಾಜ್ಯದ ಪಾಲು 60:40ರ ಅನುಪಾತದಲ್ಲಿದೆ. ರಾಜ್ಯವು ತನ್ನ ಪಾಲನ್ನು ಬಿಡುಗಡೆ ಮಾಡದಿದ್ದರೆ ಕೇಂದ್ರದ ಮುಂದಿನ ಕಂತು ತಡವಾಗುತ್ತದೆ.

ಟೇರ್ ಮತ್ತು ಶ್ಯೂರ್: ಇವೆರಡೂ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ ಆರಂಭಿಸಿದ ಯೋಜನೆಗಳು. ಟೇರ್ ಯೋಜನೆಯಲ್ಲಿ ರಾಜ್ಯ ವಿಶ್ವವಿದ್ಯಾನಿಲಯ ಅಥವಾ ಕಾಲೇಜಿನ ಕಾಯಂ ಅಧ್ಯಾಪಕರು ವರ್ಷಕ್ಕೆ 90 ದಿನ ಹೆಸರಾಂತ ಸಂಸ್ಥೆಯೊಂದರಲ್ಲಿ ಸಂಶೋಧನೆ ನಡೆಸಬಹುದು. ಶ್ಯೂರ್ ಯೋಜನೆಯು ರಾಜ್ಯ ವಿಶ್ವವಿದ್ಯಾನಿಲಯಗಳ ಹಾಗೂ ಕಾಲೇಜುಗಳ ಅಧ್ಯಾಪಕರಿಗೆ ಮಾತ್ರ ಮೀಸಲಾದ ಸ್ಪರ್ಧೆ. ಇದರಲ್ಲಿ ಅವರು ರಾಷ್ಟ್ರೀಯ ಸಂಸ್ಥೆಗಳ ವಿಜ್ಞಾನಿಗಳ ಎದುರು ಸೆಣಸಬೇಕಾಗಿಲ್ಲ.

ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ: 2023ರ ಕಾಯ್ದೆಯಡಿ ಸ್ಥಾಪನೆಯಾದ ಈ ಪ್ರತಿಷ್ಠಾನ ಮೇಲಿನ ಮಂಡಳಿಯ ಸ್ಥಾನವನ್ನು ಪಡೆಯಿತು, ಕಾಯ್ದೆ 2024ರ ಫೆಬ್ರವರಿ 5ರಿಂದ ಜಾರಿಗೆ ಬಂದಿತು. ಐದು ವರ್ಷಗಳಿಗೆ 50,000 ಕೋಟಿ ರೂಪಾಯಿಯ ಗುರಿ ಹಾಕಿಕೊಳ್ಳಲಾಗಿದ್ದು, ಅದರ ಬಹುಪಾಲು ಉದ್ಯಮ, ದಾನ ಮೊದಲಾದ ಸರ್ಕಾರೇತರ ಮೂಲಗಳಿಂದ ಬರಬೇಕೆಂಬ ನಿರೀಕ್ಷೆ ಇದೆ. ಹಿಂದಿನ ಮಂಡಳಿಯ ಹಣದಲ್ಲಿ ಸುಮಾರು ಶೇ. 65ರಷ್ಟು ಐಐಟಿಗಳಿಗೂ, ಶೇ. 11ರಷ್ಟು ಮಾತ್ರ ರಾಜ್ಯ ವಿಶ್ವವಿದ್ಯಾನಿಲಯಗಳಿಗೂ ಹೋಗುತ್ತಿತ್ತು ಎಂಬುದನ್ನು ಹೊಸ ಪ್ರತಿಷ್ಠಾನದ ಅಗತ್ಯಕ್ಕೆ ಒಂದು ಕಾರಣವಾಗಿ ಕೇಂದ್ರ ಸರ್ಕಾರ ಮುಂದಿಟ್ಟಿತ್ತು. ಪ್ರತಿಷ್ಠಾನದ ‘ಪೇರ್’ ಕಾರ್ಯಕ್ರಮದಲ್ಲಿ ಬಲಿಷ್ಠ ಸಂಸ್ಥೆಯೊಂದು ಕೇಂದ್ರವಾಗಿದ್ದು, ಬೆಳೆಯುತ್ತಿರುವ ಹಲವು ವಿಶ್ವವಿದ್ಯಾನಿಲಯಗಳು ಅದರ ಜೊತೆ ಸೇರಿ ಕೆಲಸ ಮಾಡುತ್ತವೆ.

ರಾಜ್ಯ ಸರ್ಕಾರದ ಯೋಜನೆಗಳು

ಕರ್ನಾಟಕ ಸರ್ಕಾರವು ಪ್ರೊ. ಸಿ. ಎನ್. ಆರ್. ರಾವ್ ಅವರ ಅಧ್ಯಕ್ಷತೆಯಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಷನ್ ಗ್ರೂಪ್ (ವಿಜಿಎಸ್‌ಟಿ) ಅನ್ನು ರಚಿಸಿತು. ಇದರ ಶಿಫಾರಸಿನಂತೆ ರಾಜ್ಯದ ಬಜೆಟ್ಟಿನಿಂದಲೇ ಕಾಲೇಜುಗಳಿಗೂ ವಿಶ್ವವಿದ್ಯಾನಿಲಯಗಳಿಗೂ ಅನುದಾನ ನೀಡುವ ಕ್ರಮ ಜಾರಿಗೆ ಬಂದಿತು. ಇದರ ಯೋಜನೆಗಳ ಪೈಕಿ ಮುಖ್ಯವಾದದ್ದು ಕೆ-ಫಿಸ್ಟ್. ಹೆಸರೇ ಸೂಚಿಸುವಂತೆ ಇದು ಕೇಂದ್ರದ ಫಿಸ್ಟ್ ಯೋಜನೆಯ ರಾಜ್ಯ ರೂಪ. 2010ರ ದಶಕದಲ್ಲಿ ಇದರ ಮೊದಲ ಹಂತದ ನೆರವು 20 ಲಕ್ಷ ರೂಪಾಯಿ, ಎರಡನೆಯ ಹಂತದ ನೆರವು 40 ಲಕ್ಷ ರೂಪಾಯಿ ಆಗಿತ್ತು. ಉತ್ಕೃಷ್ಟತಾ ಕೇಂದ್ರಗಳ ಸ್ಥಾಪನೆಗೂ, ಯುವ ವಿಜ್ಞಾನಿಗಳ ಬೀಜಧನಕ್ಕೂ ಪ್ರತ್ಯೇಕ ಯೋಜನೆಗಳಿದ್ದವು.

ಮೊತ್ತ ಚಿಕ್ಕದಾದರೂ ಕೆ-ಫಿಸ್ಟ್‌ನಂತಹ ಯೋಜನೆಯ ಪ್ರಯೋಜನ ಬೇರೆ ಬಗೆಯದು. ರಾಷ್ಟ್ರಮಟ್ಟದ ಸ್ಪರ್ಧೆಯಲ್ಲಿ ಗಮನ ಸೆಳೆಯಲಾಗದ ಕಾಲೇಜು ರಾಜ್ಯಮಟ್ಟದಲ್ಲಿ ಆಯ್ಕೆಯಾಗಿ ಒಂದು ವರ್ಣಪಟಲಮಾಪಕವನ್ನೋ, ಸೂಕ್ಷ್ಮದರ್ಶಕವನ್ನೋ ಪಡೆದರೆ, ಅದರಿಂದ ಬಂದ ಫಲಿತಾಂಶಗಳ ಬಲದ ಮೇಲೆ ಮುಂದೆ ಕೇಂದ್ರದ ಅನುದಾನಕ್ಕೆ ಅರ್ಜಿ ಹಾಕಲು ಸಾಧ್ಯವಾಗುತ್ತದೆ. ಈ ಅರ್ಥದಲ್ಲಿ ರಾಜ್ಯದ ಅನುದಾನವು ಮೊದಲ ಮೆಟ್ಟಿಲು.

ಕಾರ್ಯವಿಧಾನ

ಸಾಮರ್ಥ್ಯ ಅನುದಾನದ ಮೊತ್ತವನ್ನು ಸಾಮಾನ್ಯವಾಗಿ ಎರಡು ಶೀರ್ಷಿಕೆಗಳಲ್ಲಿ ನೀಡಲಾಗುತ್ತದೆ. ಉಪಕರಣ, ಪೀಠೋಪಕರಣಗಳಂತಹ ಒಮ್ಮೆ ಮಾಡುವ ಖರ್ಚು ಅನಾವರ್ತಕ ವೆಚ್ಚ. ರಾಸಾಯನಿಕಗಳು, ಸಹಾಯಕರ ವೇತನ, ಪ್ರಯಾಣ, ದುರಸ್ತಿ ಇತ್ಯಾದಿ ಆವರ್ತಕ ವೆಚ್ಚ. ಹಣ ಕಂತುಗಳಲ್ಲಿ ಬರುತ್ತದೆ. ಹಿಂದಿನ ಕಂತಿನ ಲೆಕ್ಕಪತ್ರ ಹಾಗೂ ಹಣ ಬಳಕೆ ಪ್ರಮಾಣಪತ್ರವನ್ನು ಸಲ್ಲಿಸಿದ ನಂತರವೇ ಮುಂದಿನ ಕಂತು ಬಿಡುಗಡೆಯಾಗುತ್ತದೆ.

ಅರ್ಹತೆಯ ಷರತ್ತುಗಳು ಯೋಜನೆಯಿಂದ ಯೋಜನೆಗೆ ಬದಲಾಗುತ್ತವೆ. ಸಾಮಾನ್ಯವಾಗಿ ಕಾಣುವ ಷರತ್ತುಗಳು ಮೂರು:

1. ಸಂಸ್ಥೆಯ ಮಾನ್ಯತೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 1956ರ ಕಾಯ್ದೆಯ 12(ಬಿ) ಕಲಮಿನಡಿ ಅರ್ಹತೆ ಪಡೆಯದ ವಿಶ್ವವಿದ್ಯಾನಿಲಯಕ್ಕೆ ಕೇಂದ್ರದ ಅನುದಾನ ದೊರೆಯುವುದು ಕಷ್ಟ. ಕೆಲವು ಯೋಜನೆಗಳಿಗೆ ನ್ಯಾಕ್ ಮಾನ್ಯತೆಯೂ ಬೇಕು.

2. ಕಾಯಂ ಅಧ್ಯಾಪಕರು. ಅನುದಾನದ ಪ್ರಧಾನ ಸಂಶೋಧಕರು ಸಾಮಾನ್ಯವಾಗಿ ಸಂಸ್ಥೆಯ ಕಾಯಂ ಹುದ್ದೆಯಲ್ಲಿರಬೇಕು. ಅತಿಥಿ ಉಪನ್ಯಾಸಕರಿಗೆ ಈ ಅವಕಾಶವಿರುವುದಿಲ್ಲ.

3. ಸಂಸ್ಥೆಯ ಪಾಲು. ಕಟ್ಟಡ, ವಿದ್ಯುತ್ ಸಂಪರ್ಕ, ಸ್ಥಳ ಇತ್ಯಾದಿಗಳನ್ನು ಸಂಸ್ಥೆಯೇ ಒದಗಿಸಬೇಕು. ಖಾಸಗಿ ಸಂಸ್ಥೆಗಳು ಕೆಲವೊಮ್ಮೆ ವೆಚ್ಚದ ಒಂದು ಭಾಗವನ್ನೂ ಭರಿಸಬೇಕು.

ದುಬಾರಿ ಉಪಕರಣಗಳನ್ನು ಎಲ್ಲೆಡೆ ಸ್ಥಾಪಿಸುವುದು ಸಾಧ್ಯವಿಲ್ಲವಾದ್ದರಿಂದ ಹಂಚಿಕೆಯ ವ್ಯವಸ್ಥೆಗಳೂ ರೂಪುಗೊಂಡಿವೆ. ಭಾರತೀಯ ವಿಜ್ಞಾನ ಸಂಸ್ಥೆಯಿಂದ ನಡೆಯುವ ಐ-ಸ್ಟೆಮ್ ಜಾಲತಾಣಕ್ಕೆ 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ ಅಧಿವೇಶನದ ಸಂದರ್ಭದಲ್ಲಿ ಚಾಲನೆ ನೀಡಲಾಯಿತು. ಸಾರ್ವಜನಿಕ ಹಣದಿಂದ ಖರೀದಿಸಿದ ಉಪಕರಣಗಳು ಎಲ್ಲಿವೆ ಎಂಬುದನ್ನು ಅದರಲ್ಲಿ ಹುಡುಕಿ, ಬಳಕೆಗೆ ಸಮಯ ಕಾಯ್ದಿರಿಸಬಹುದು.

ಚಾಮರಾಜನಗರ ಜಿಲ್ಲೆ

ಚಾಮರಾಜನಗರ ಜಿಲ್ಲೆಯನ್ನು 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಡಿಸಿ ರಚಿಸಲಾಯಿತು. 2011ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ ಸುಮಾರು 10.2 ಲಕ್ಷ. ಜಿಲ್ಲೆಯ ಹೆಚ್ಚುಕಡಿಮೆ ಅರ್ಧದಷ್ಟು ಭೂಭಾಗ ಅರಣ್ಯ. ಬಂಡೀಪುರ ಹಾಗೂ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶಗಳು ಮತ್ತು ಮಲೆಮಹದೇಶ್ವರ ವನ್ಯಧಾಮ ಈ ಜಿಲ್ಲೆಯಲ್ಲಿವೆ. ಬಂಡೀಪುರವು 1973ರಲ್ಲಿ ಹುಲಿ ಯೋಜನೆಗೆ ಆಯ್ಕೆಯಾದ ಮೊದಲ ಒಂಬತ್ತು ಪ್ರದೇಶಗಳಲ್ಲಿ ಒಂದು. ಅದರ ಅಂಚಿನಲ್ಲಿರುವ ಗುಂಡ್ಲುಪೇಟೆ ತಾಲ್ಲೂಕಿನ ಹಂಗಳ ಹೋಬಳಿಯಲ್ಲಿ ಹೊಲಗಳೂ ಕಾಡೂ ಒಂದಕ್ಕೊಂದು ತಾಗಿಕೊಂಡಿವೆ. ಬೆಳೆಗೆ ಬರುವ ಆನೆ, ಹಂದಿಗಳ ಹಾವಳಿ, ಮಳೆಯ ಕೊರತೆ, ಅರಿಸಿನ ಬೆಳೆಯ ರೋಗಗಳು ಮುಂತಾದವು ಈ ಸೀಮೆಯ ದೈನಂದಿನ ಸಮಸ್ಯೆಗಳಾಗಿರುವಂತೆಯೇ ವೈಜ್ಞಾನಿಕ ಪ್ರಶ್ನೆಗಳೂ ಹೌದು.

ಜಿಲ್ಲೆಯ ಕಾಡುಗಳಲ್ಲಿ ಸಂಶೋಧನೆ ಬಹಳ ಕಾಲದಿಂದ ನಡೆದಿದೆ. ಆರ್. ಸುಕುಮಾರ್ ಅವರು 1980ರ ದಶಕದ ಆರಂಭದಲ್ಲಿ ಆನೆಗಳ ಕುರಿತು ನಡೆಸಿದ ಅಧ್ಯಯನದ ಕ್ಷೇತ್ರದಲ್ಲಿ ಚಾಮರಾಜನಗರದ ಅರಣ್ಯಗಳೂ ಸೇರಿದ್ದವು. 1996ರಲ್ಲಿ ಸ್ಥಾಪನೆಯಾದ, ಬೆಂಗಳೂರು ಮೂಲದ ಏಟ್ರೀ ಸಂಸ್ಥೆಯು ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಸಹಭಾಗಿತ್ವದಲ್ಲಿ ದೀರ್ಘಕಾಲ ಕೆಲಸ ಮಾಡಿದೆ. ಆದರೆ ಇಂತಹ ಅಧ್ಯಯನಗಳಲ್ಲಿ ಕ್ಷೇತ್ರ ಮಾತ್ರ ಜಿಲ್ಲೆಯದು. ಪ್ರಯೋಗಾಲಯ, ಮಾಹಿತಿಕೋಶ, ಪಿಎಚ್.ಡಿ. ಪದವಿ ನೀಡುವ ಸಂಸ್ಥೆ ಎಲ್ಲವೂ ಹೊರಗಿನವು.

ಸ್ಥಳೀಯ ಸಾಮರ್ಥ್ಯದ ಅಗತ್ಯವನ್ನು ತೋರುವ ಒಂದು ಉದಾಹರಣೆ ಮಂಗನ ಕಾಯಿಲೆ. ಉಣ್ಣೆಗಳ ಮೂಲಕ ಹರಡುವ ಈ ವೈರಸ್ ರೋಗವನ್ನು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾಗಿತ್ತು. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಮಂಗಗಳು ಸತ್ತವು. ಅವುಗಳ ಕಳೇಬರ ವಿಲೇವಾರಿ ಮಾಡಿದ್ದ ಕೆಲಸಗಾರರಲ್ಲಿ ಜ್ವರ ಕಾಣಿಸಿಕೊಂಡಿತು. ಇದು ಮಂಗನ ಕಾಯಿಲೆಯೆಂದು ದೃಢಪಟ್ಟದ್ದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಪರೀಕ್ಷೆಗಳಿಂದ. ರೋಗವು ಕಂಡ ಜಾಗದಲ್ಲಿ ಅದನ್ನು ಗುರುತಿಸುವ ಪ್ರಯೋಗಾಲಯ ಆಗ ಇರಲಿಲ್ಲ. 2016ರಲ್ಲಿ ಚಾಮರಾಜನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾಯಿತು. 2020ರಲ್ಲಿ ಕೋವಿಡ್ ಸಂದರ್ಭದಲ್ಲಿ ಅಲ್ಲಿ ವೈರಾಣು ಪರೀಕ್ಷೆಯ ಪ್ರಯೋಗಾಲಯ ಸಜ್ಜಾಯಿತು. ಜಿಲ್ಲೆಯೊಳಗೇ ಉಳಿಯುವ ಉಪಕರಣ ಮತ್ತು ತರಬೇತಿ ಪಡೆದ ಸಿಬ್ಬಂದಿ ಎಂದರೇನು ಎಂಬುದಕ್ಕೆ ಇದು ನಿದರ್ಶನ.

ಉನ್ನತ ಶಿಕ್ಷಣದಲ್ಲಿ, ಚಾಮರಾಜನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಹಾಗೂ ಮೈಸೂರು ವಿಶ್ವವಿದ್ಯಾನಿಲಯದ ಡಾ. ಬಿ. ಆರ್. ಅಂಬೇಡ್ಕರ್ ಸ್ನಾತಕೋತ್ತರ ಕೇಂದ್ರ ಸ್ಥಾಪನೆಯಾದವು. 2023ರಲ್ಲಿ ರಾಜ್ಯ ಸರ್ಕಾರವು ಬೀದರ್, ಹಾವೇರಿ, ಕೊಡಗು, ಹಾಸನ, ಕೊಪ್ಪಳ, ಬಾಗಲಕೋಟೆಗಳ ಜೊತೆಗೆ ಚಾಮರಾಜನಗರದಲ್ಲಿಯೂ ಪ್ರತ್ಯೇಕ ವಿಶ್ವವಿದ್ಯಾನಿಲಯವನ್ನು ಆರಂಭಿಸಿತು. ಸ್ನಾತಕೋತ್ತರ ಕೇಂದ್ರವೇ ಇದರ ನೆಲೆಯಾಯಿತು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯು ಹಣ ಮತ್ತು ಮೂಲಸೌಕರ್ಯದ ಕೊರತೆಯ ಕಾರಣ ನೀಡಿ, ಚಾಮರಾಜನಗರವೂ ಸೇರಿ ಒಂಬತ್ತು ಹೊಸ ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ಪರವಾಗಿ ಅಭಿಪ್ರಾಯಪಟ್ಟಿತು. ಇದಕ್ಕೆ ಆಯಾ ಜಿಲ್ಲೆಗಳಲ್ಲಿ ವಿರೋಧ ವ್ಯಕ್ತವಾಯಿತು.

ಈ ಚರ್ಚೆ ಸಂಶೋಧನಾ ಅನುದಾನಕ್ಕೂ ನೇರವಾಗಿ ಸಂಬಂಧಿಸಿದೆ. ಮೈಸೂರು ವಿಶ್ವವಿದ್ಯಾನಿಲಯದ ಭಾಗವಾಗಿದ್ದಾಗ ಸ್ನಾತಕೋತ್ತರ ಕೇಂದ್ರವು ಮಾತೃಸಂಸ್ಥೆಯ ಮಾನ್ಯತೆಯ ಆಸರೆಯಲ್ಲಿತ್ತು. ಪ್ರತ್ಯೇಕ ವಿಶ್ವವಿದ್ಯಾನಿಲಯವು 12(ಬಿ) ಅರ್ಹತೆ, ನ್ಯಾಕ್ ಮಾನ್ಯತೆ, ಕಾಯಂ ಅಧ್ಯಾಪಕರ ನೇಮಕ ಎಲ್ಲವನ್ನೂ ಹೊಸದಾಗಿ ಗಳಿಸಬೇಕು. ಮತ್ತೊಂದೆಡೆ, ಸ್ವಂತ ವಿಶ್ವವಿದ್ಯಾನಿಲಯವಿದ್ದರೆ ಜಿಲ್ಲೆಯ ಸಂಶೋಧನಾ ವಿಷಯಗಳನ್ನು ಜಿಲ್ಲೆಯಲ್ಲಿಯೇ ನಿರ್ಧರಿಸುವ ಅವಕಾಶ ಸಿಗುತ್ತದೆ. ವಿಲೀನವಾದರೆ ಅದು ಕೈತಪ್ಪುತ್ತದೆ.

ಇತರ ದೇಶಗಳಲ್ಲಿ

ಇಂತಹ ಅನುದಾನದ ಹೆಸರಾಂತ ಮಾದರಿ ಅಮೆರಿಕದ ‘ಎಪ್ಸ್‌ಕೋರ್’. ಸಂಶೋಧನಾ ಹಣ ಕೆಲವೇ ರಾಜ್ಯಗಳಲ್ಲಿ ಕೇಂದ್ರೀಕೃತವಾಗುತ್ತಿದೆ ಎಂಬ ಆಕ್ಷೇಪದ ಹಿನ್ನೆಲೆಯಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು 1970ರ ದಶಕದ ಕೊನೆಯಲ್ಲಿ ಇದನ್ನು ರೂಪಿಸಿತು. 1980ರಲ್ಲಿ ಅರ್ಕಾನ್ಸಾ, ಮೇನ್, ಮೊಂಟಾನಾ, ದಕ್ಷಿಣ ಕ್ಯಾರೊಲಿನಾ ಮತ್ತು ಪಶ್ಚಿಮ ವರ್ಜೀನಿಯಾ ರಾಜ್ಯಗಳು ಮೊದಲ ನೆರವು ಪಡೆದವು. ಪ್ರತಿಷ್ಠಾನದ ಒಟ್ಟು ಸಂಶೋಧನಾ ಹಣದಲ್ಲಿ ಶೇ. 0.75 ಅಥವಾ ಅದಕ್ಕಿಂತ ಕಡಿಮೆ ಪಾಲು ಪಡೆಯುವ ರಾಜ್ಯಗಳು ಇದಕ್ಕೆ ಅರ್ಹ. ಐರೋಪ್ಯ ಒಕ್ಕೂಟದ ‘ಹೊರೈಜನ್ ಯುರೋಪ್’ ಕಾರ್ಯಕ್ರಮದಲ್ಲಿಯೂ (2021-27) ಹಿಂದುಳಿದ ಸದಸ್ಯ ರಾಷ್ಟ್ರಗಳ ಸಂಸ್ಥೆಗಳನ್ನು ಮುಂದುವರಿದ ಸಂಸ್ಥೆಗಳ ಜೊತೆ ಜೋಡಿಸುವ ಪ್ರತ್ಯೇಕ ಭಾಗವಿದೆ.

ಈ ಎರಡೂ ಮಾದರಿಗಳಲ್ಲಿ ಪ್ರದೇಶವೇ ಅರ್ಹತೆಯ ಘಟಕ. ಭಾರತದ ಹೆಚ್ಚಿನ ಯೋಜನೆಗಳಲ್ಲಿ ಸಂಸ್ಥೆಯೇ ಘಟಕ. ಕರ್ನಾಟಕದಲ್ಲಿ ಪ್ರಾದೇಶಿಕ ಅಸಮತೋಲನವನ್ನು ತಾಲ್ಲೂಕುವಾರು ಅಳೆಯುವ ಪ್ರಯತ್ನ ಇಲ್ಲದಿಲ್ಲ. ಡಾ. ಡಿ. ಎಂ. ನಂಜುಂಡಪ್ಪ ಅವರ ಸಮಿತಿಯು 2002ರಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತ್ತು. ಆದರೆ ವಿಜ್ಞಾನ ಅನುದಾನಗಳ ಹಂಚಿಕೆ ಮುಖ್ಯವಾಗಿ ಸಂಸ್ಥೆಯ ಅರ್ಹತೆಯ ಮೇಲೆಯೇ ನಿಂತಿದೆ.

ಮಿತಿಗಳು ಮತ್ತು ಚರ್ಚೆ

ಸಾಮರ್ಥ್ಯ ಅನುದಾನಗಳ ಬಗೆಗಿನ ಮೊದಲ ಆಕ್ಷೇಪ ಅರ್ಹತೆಯ ಹೊಸ್ತಿಲಿನದು. ಸಾಮರ್ಥ್ಯ ಇಲ್ಲದವರಿಗಾಗಿ ಇರುವ ನೆರವನ್ನು ಪಡೆಯಲು ಒಂದು ಮಟ್ಟದ ಸಾಮರ್ಥ್ಯ ಮೊದಲೇ ಇರಬೇಕಾಗುತ್ತದೆ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬೋಧನೆಯ ದೊಡ್ಡ ಭಾಗವನ್ನು ಅತಿಥಿ ಉಪನ್ಯಾಸಕರು ನಿರ್ವಹಿಸುತ್ತಾರೆ. ಕಾಯಂ ಅಧ್ಯಾಪಕರಿಲ್ಲದ ವಿಭಾಗ ಅರ್ಜಿಯನ್ನೇ ಸಲ್ಲಿಸಲಾರದು. ಹೀಗಾಗಿ ನೇಮಕಾತಿಯ ಪ್ರಶ್ನೆಯೂ ಸಂಶೋಧನಾ ಅನುದಾನದ ಪ್ರಶ್ನೆಯಾಗಿ ಪರಿಣಮಿಸುತ್ತದೆ.

ಎರಡನೆಯದು ನಿರ್ವಹಣೆಯದು. ಉಪಕರಣ ಖರೀದಿಗೆ ಹಣ ಸಿಕ್ಕರೂ ಅನುದಾನದ ಅವಧಿ ಮುಗಿದ ಬಳಿಕ ವಾರ್ಷಿಕ ನಿರ್ವಹಣಾ ಒಪ್ಪಂದ, ಬಿಡಿಭಾಗಗಳು, ನಿರಂತರ ವಿದ್ಯುತ್, ಉಪಕರಣ ನಡೆಸುವ ತಂತ್ರಜ್ಞರ ಸಂಬಳ ಇವುಗಳಿಗೆ ಪ್ರತ್ಯೇಕ ಮೂಲವಿರುವುದಿಲ್ಲ. ತರಬೇತಿ ಪಡೆದ ಅಧ್ಯಾಪಕರು ವರ್ಗಾವಣೆಯಾದರೆ ಉಪಕರಣ ಬಳಕೆಯಾಗದೆ ಉಳಿಯುತ್ತದೆ.

ಮೂರನೆಯದು ಹಂಚಿಕೆಯ ತತ್ತ್ವದ್ದು. ಮಿತವಾದ ಹಣವನ್ನು ಹಲವೆಡೆ ಚದುರಿಸಿದರೆ ಎಲ್ಲಿಯೂ ಗಟ್ಟಿಯಾದ ಸಂಶೋಧನೆ ಬೆಳೆಯದು ಎಂಬುದು ಒಂದು ವಾದ. ಕೆಲವೇ ನಗರಗಳಿಗೆ ಸೀಮಿತಗೊಳಿಸಿದರೆ ಸ್ಥಳೀಯ ಪ್ರಶ್ನೆಗಳು ಯಾರ ಆದ್ಯತೆಯೂ ಆಗುವುದಿಲ್ಲ ಎಂಬುದು ಪ್ರತಿವಾದ. ಕೇಂದ್ರ ಸಂಸ್ಥೆಯ ಜೊತೆ ಸಣ್ಣ ಸಂಸ್ಥೆಗಳನ್ನು ಜೋಡಿಸುವ ಪೇರ್, ಅಧ್ಯಾಪಕರನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳುಹಿಸುವ ಟೇರ್, ಉಪಕರಣ ಹಂಚಿಕೊಳ್ಳುವ ಐ-ಸ್ಟೆಮ್ ಇವು ಈ ಎರಡರ ನಡುವಿನ ಮಾರ್ಗಗಳು. ಆದರೆ ಇವುಗಳ ಉಪಯೋಗವನ್ನು ಪಡೆಯಲೂ ಜಿಲ್ಲೆಯಲ್ಲಿ ಕಾಯಂ ಅಧ್ಯಾಪಕರು ಹಾಗೂ ಒಂದು ಮೂಲಭೂತ ಪ್ರಯೋಗಾಲಯ ಇರಬೇಕಾಗುತ್ತದೆ.

ಇವನ್ನೂ ನೋಡಿ

ಭಾರತೀಯ ವಿಜ್ಞಾನ ಸಂಸ್ಥೆ
ಮೈಸೂರು ವಿಶ್ವವಿದ್ಯಾನಿಲಯ
ಚಾಮರಾಜನಗರ ಜಿಲ್ಲೆ
ಬಂಡೀಪುರ ರಾಷ್ಟ್ರೀಯ ಉದ್ಯಾನ
ಮಂಗನ ಕಾಯಿಲೆ
ವಿಶ್ವವಿದ್ಯಾನಿಲಯ ಅನುದಾನ ಆಯೋಗ